ಯಂತ್ರಕ್ಕೆ ಕವರು

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ: "ಧೂಳು ಕೂರುತ್ತದಲ್ಲಪ್ಪಾ, ಅದಕ್ಕೇ ಮುಚ್ಚಿದೆ."

ಪೀಣ್ಯದ ಕಾರ್ಖಾನೆಗಳ ಹಿಂದಿನ ಶೀಟು ಮನೆಗಳ ಓಣಿಯಲ್ಲಿ ಗಾಳಿ ಅಳೆಯುವ ಆರು ಸೆನ್ಸರ್ ಕಟ್ಟಿದ್ದೇವೆ. ಪುಟ್ಟ ಡಬ್ಬಿ. ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ, ಕಣಗಳಿಗೆ ತಾಗಿ ಲೇಸರ್ ಬೆಳಕು ಎಷ್ಟು ಚದುರಿತೆಂದು ನೋಡಿ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಧೂಳು, ಎಷ್ಟಿದೆಯೆಂದು ಲೆಕ್ಕ ಹಾಕುತ್ತದೆ, ವೈಫೈ ಮೂಲಕ ಮೊಬೈಲಿಗೆ ಕಳಿಸುತ್ತದೆ. ಕೆಲವೇ ಸಾವಿರ ರೂಪಾಯಿಯ ಮಾಲು. ಮಂಜು ಬಿದ್ದರೆ ನೀರಹನಿಯನ್ನೂ ಧೂಳೆಂದು ಎಣಿಸುವ ಪೆದ್ದು, ಇರಲಿ.

ಐದು ಡಬ್ಬಿಗಳು ಸಂಜೆಯಾದರೆ 80, 90 ತೋರಿಸುತ್ತಿದ್ದವು. ನಮ್ಮ ದೇಶದ ಮಿತಿಯೇ ಘನ ಮೀಟರ್ ಗಾಳಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ. ಆರನೆಯದು ಮಾತ್ರ ವಾರವಿಡೀ 6, 7! ವಿಶ್ವ ಆರೋಗ್ಯ ಸಂಸ್ಥೆ ಹೇಳುವ 15ಕ್ಕಿಂತಲೂ ಕೆಳಗೆ. ಎದುರಿನ ಹೊಂಗೆಮರದ ಪುಣ್ಯವೆಂದು ನಮ್ಮ ಹುಡುಗನೊಬ್ಬ ಚಿತ್ರಸಮೇತ ಟಿಪ್ಪಣಿ ಬರೆದೂಬಿಟ್ಟಿದ್ದ. ಒಳ್ಳೆಯವನೇ, ಆದರೆ ಅಂಕಿ ಕಂಡರೆ ಕಾರಣ ಹುಟ್ಟಿಸದೆ ಬಿಡುವವನಲ್ಲ.

ಹೋಗಿ ನೋಡಿದರೆ ಡಬ್ಬಿಗೆ ಪ್ಲಾಸ್ಟಿಕ್ ಕವರು, ಬಾಯಿಗೆ ರಬ್ಬರ್ ಬ್ಯಾಂಡು, ಮೇಲೆ ಟಿ.ವಿ.ಗೆ ಹೊದಿಸುವಂಥ ಬಿಳಿ ಕ್ರೋಶಾ ಬಟ್ಟೆ. ಮನೆಯೊಡತಿ ಹೊಸಿಲ ಬಳಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಇದ್ದಲ ಪುಡಿಯ ಕಣಕ, ಅಂಗೈ ಕಪ್ಪು, ಮೂಗಿನ ಹೊಳ್ಳೆಯ ಅಂಚೂ ಕಪ್ಪು. ಬಟ್ಟೆಯಲ್ಲಿ ಒಂದು ಕಲೆ ಇರಲಿಲ್ಲ.

"ಅಯ್ಯೋ ಅಮ್ಮಾ, ಡೇಟಾ ಎಲ್ಲ ಹಾಳಾಯಿತಲ್ಲ!" ನನ್ನ ಬಾಯಿಂದ ಮೊದಲು ಬಂದದ್ದು ಇದು. ನೆನೆದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ.

"ಧೂಳು ಕೂರುತ್ತದಲ್ಲಪ್ಪಾ, ಅದಕ್ಕೇ ಮುಚ್ಚಿದೆ. ದುಬಾರಿ ಯಂತ್ರ, ಜೋಪಾನ ಅಂತ ನೀವೇ ಹೇಳಿದ್ದಿರಿ."

ಹೌದು, ನಾವೇ ಹೇಳಿದ್ದು. ಅಂದು ಇಪ್ಪತ್ತು ನಿಮಿಷ ಮಾತಾಡಿದ್ದೆವು: ಪ್ಲಗ್ ಕೀಳಬೇಡಿ, ನೀರು ತಾಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಇದು ಧೂಳು ಕುಡಿಯಲೆಂದೇ ಇರುವ ಯಂತ್ರ ಎಂಬುದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದೆವು. ಇದ್ದಲ ಪುಡಿಯ ಬಗ್ಗೆ, ಆಕೆಯ ಮೂಗಿನ ಬಗ್ಗೆ ಯಾರೂ ತುಟಿ ಎರಡು ಮಾಡಿರಲಿಲ್ಲ. ಜೋಪಾನ ಎಂಬ ಪದ ಆ ಮನೆಯಲ್ಲಿ ಡಬ್ಬಿಯೊಂದಕ್ಕೇ ಸಂದಿತ್ತು. ಆಕೆ ಅದನ್ನು ನಮಗಿಂತ ನಿಷ್ಠೆಯಿಂದ ಪಾಲಿಸಿದ್ದರು.

ಕವರು ತೆಗೆದೆ. ಮೊಬೈಲಿನಲ್ಲಿ ಅಂಕಿ 7ರಿಂದ 40, 40ರಿಂದ 88ಕ್ಕೆ ಏರಿತು. ತೋರಿಸಿದೆ. ಆಕೆ ಪರದೆಯನ್ನು ಒಮ್ಮೆ ನೋಡಿ, ಕೈ ತೊಳೆದು ಬಂದು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು.

"ಆಮೇಲೆ ಕೆಟ್ಟುಹೋದರೆ ನನ್ನನ್ನು ಕೇಳಬೇಡಿ."