ಮಳೆಗಾಲದಲ್ಲಿ ಬಳಿದ ಕಪ್ಪು

ಶಿವಮೊಗ್ಗದಲ್ಲಿ ಹನ್ನೆರಡು ವರ್ಷ ಬೋರ್ಡ್ ಬರೆದೆ. ಅಂಗಡಿ ಬೋರ್ಡು, ಲಾರಿ ನಂಬರು, ಶಾಲೆ ಗೋಡೆ. ಎಲ್ಲಾ ಎನಾಮಲ್. ಸಂಜೆ ಬಳಿದರೆ ಬೆಳಿಗ್ಗೆ ಒಣಗಿರುತ್ತಿತ್ತು. ಆಯಿಲ್ ಪೇಂಟಿಂಗ್ ಹಿಡಿದಾಗ ಗುರು ಅಂತ ಯಾರೂ ಇರಲಿಲ್ಲ. ರವಿವರ್ಮರ ಕ್ಯಾಲೆಂಡರ್ ಚಿತ್ರಗಳನ್ನು ನೋಡಿ ಮುಖ ಬರೆಯಲು ಕಲಿತೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಅವರ ಮೂಲ ಚಿತ್ರಗಳ ಮುಂದೆ ಇಡೀ ದಿನ ನಿಂತೆ. ಕಣ್ಣು, ತುಟಿ, ಸೀರೆಯ ಜರಿ ಎಲ್ಲ ನೋಡಿದೆ. ಬಣ್ಣ ಒಣಗುವುದರ ಬಗ್ಗೆ ಮಾತ್ರ ಯೋಚಿಸಲಿಲ್ಲ. ಬೋರ್ಡ್ ಬರೆದವನಿಗೆ ಅದು ಗೊತ್ತಿಲ್ಲದ್ದೇನು ಅಂದುಕೊಂಡಿದ್ದೆ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಿಂದ ಕೆಲಸ ಬಂತು. ತೀರಿಹೋದ ಅಜ್ಜಿಯ ಚಿತ್ರ, 24 ಇಂಚು ಅಗಲ, 36 ಇಂಚು ಎತ್ತರ. ಆಗಸ್ಟಿನಲ್ಲಿ ವರ್ಷಾಂತಿಕ, ಅಷ್ಟರೊಳಗೆ ಕೊಡಬೇಕು. ನಾನು ಶುರು ಮಾಡಿದ್ದು ಜೂನ್ ಕೊನೆಗೆ. ಹಿನ್ನೆಲೆಗೆ ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಬಣ್ಣ ದಪ್ಪಗೆ ಬಳಿದೆ. ಹೊಳಪು ಬರಲಿ ಅಂತ ಅಗಸೆ ಎಣ್ಣೆ ಜಾಸ್ತಿ ಹಾಕಿದೆ. ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಹತ್ತಿರ 100 ವ್ಯಾಟ್ ಬಲ್ಬ್ ಉರಿಸಿಟ್ಟೆ. ಮೇಲೆ ಕೆನೆ ಕಟ್ಟಿದ ಹಾಗೆ ಆಯಿತು. ಒಣಗಿತು ಅಂದುಕೊಂಡು ಅದರ ಮೇಲೆ ಟರ್ಪೆಂಟೈನ್ ಬೆರೆಸಿದ ತೆಳು ಕಂದು ಬಳಿದು, ಹೇಳಿದ ದಿನಕ್ಕೆ ಕೊಟ್ಟೆ.

ಮುಂದಿನ ವರ್ಷ ದಸರಾ ಕಳೆದ ಮೇಲೆ ಫೋನ್ ಬಂತು. ಮಂಡಗದ್ದೆ ದಾರಿಯ ಬಸ್ಸು ಹಿಡಿದು ಹೋದೆ. ಜಗಲಿಯಲ್ಲಿ ಚಿತ್ರ. ಅಜ್ಜಿಯ ಮುಖ ಚೆನ್ನಾಗಿಯೇ ಇತ್ತು. ಹಿಂದಿನ ಕಪ್ಪು ಮಾತ್ರ ಬೇಸಿಗೆಯ ಕೆರೆಯ ಕೆಸರಿನ ಹಾಗೆ ಬಿರುಕು ಬಿಟ್ಟು, ಕೂದಲಿನವರೆಗೂ ಬಂದಿತ್ತು.

ಆ ಮನೆಯ ಅಮ್ಮ ಬೈಯಲಿಲ್ಲ. ಕಾಫಿ ಕೊಟ್ಟು, "ಎಂತ ಆಯ್ತು ಮಾರಾಯ?" ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅದೇ ಜಾಸ್ತಿ ನೋವಾಯಿತು.

ಆಮೇಲೆ ಹುಡುಕಿ ಓದಿದೆ. ಬಟ್ಟೆಯ ನೀರು ಆರುತ್ತದಲ್ಲ, ಅಗಸೆ ಎಣ್ಣೆ ಹಾಗೆ ಆರುವುದಿಲ್ಲ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳು ಪದರಕ್ಕೆ ಕೆಲವು ದಿನ, ದಪ್ಪ ಪದರಕ್ಕೆ ತಿಂಗಳುಗಳು. ತಂಪು, ತೇವ, ಬೆಳಕಿಲ್ಲದ ದಿನಗಳಲ್ಲಿ ಇನ್ನೂ ನಿಧಾನ. ನಮ್ಮ ಆಷಾಢ ಅಂದರೆ ಇದೇ ಅಲ್ವಾ? ಬಣ್ಣ ಬಣ್ಣಕ್ಕೂ ವ್ಯತ್ಯಾಸ ಇದೆ. ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಗಟ್ಟಿಯಾಗುತ್ತದೆ. ಐವರಿ ಬ್ಲ್ಯಾಕ್ ತುಂಬಾ ತಡ. ನನ್ನ ಕೆಲಸದಲ್ಲಿ ಎಣ್ಣೆ ಜಾಸ್ತಿ ಇದ್ದ ತಡದ ಬಣ್ಣ ಕೆಳಗೆ, ಬೇಗ ಬಿಗಿಯುವ ತೆಳು ಬಣ್ಣ ಮೇಲೆ. ಕೆಳಗಿನದು ಇನ್ನೂ ಮಿಸುಕುತ್ತಿತ್ತು, ಮೇಲಿನದು ಬಿರುಕು ಬಿಟ್ಟಿತು. ಸರಿಯಾದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಜಾಸ್ತಿ. ಹಳೆ ಶೈಲಿಯಲ್ಲಿ ನೆರಳನ್ನು ತೆಳುವಾಗಿ, ಬೆಳಕನ್ನು ದಪ್ಪವಾಗಿ ಬಳಿಯುವುದಕ್ಕೆ ಇದೂ ಒಂದು ಕಾರಣ ಅಂತ ಆಗ ಅನಿಸಿತು.

ಬಿರುಕು ತುಂಬಿ ಕೊಡಬಹುದಿತ್ತು. ಕೆಳಗೆ ಮೆತ್ತಗಿದ್ದರೆ ಮತ್ತೆ ಬಾಯಿ ಬಿಡುತ್ತದೆ. ದುಡ್ಡು ಬೇಡ ಅಂದು ಹೊಸ ಕ್ಯಾನ್ವಾಸಿನಲ್ಲಿ ಮತ್ತೆ ಬರೆದೆ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದೆ. ಮೊದಲು ತೆಳು ಅಂಬರಿನಲ್ಲಿ ಇಡೀ ಅಜ್ಜಿಯನ್ನು ಕಂದು ಬಣ್ಣದಲ್ಲೇ ನಿಲ್ಲಿಸಿದೆ. ಒಂದು ಅಭ್ಯಾಸ ಆಗ ಶುರುವಾಯಿತು, ಇವತ್ತಿಗೂ ಬಿಟ್ಟಿಲ್ಲ. ಆ ದಿನ ಬಳಿದ ಬಣ್ಣವನ್ನೇ ಅಷ್ಟೇ ದಪ್ಪಕ್ಕೆ ಒಂದು ತುಂಡು ಕ್ಯಾನ್ವಾಸಿಗೆ ಬಳಿದು, ಹಿಂದೆ ತಾರೀಕು ಬರೆದಿಡುತ್ತೇನೆ. ಉಗುರಿನಿಂದ ಕೆರೆದು ನೋಡುವುದು ಆ ತುಂಡನ್ನು. ಒಳಗೆ ಮೆತ್ತಗಿದ್ದರೆ ಚಿತ್ರಕ್ಕೆ ಕುಂಚ ತಾಗಿಸುವುದಿಲ್ಲ.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರೀಕು ಕೊಟ್ಟು ಆಯಿಲ್ ಕೆಲಸ ಒಪ್ಪುವುದಿಲ್ಲ. ಇದ್ದಿಲಿನಲ್ಲಿ ಮುಖಗಳನ್ನು ಬರೆಯುತ್ತೇನೆ, ಚೌಕಟ್ಟಿಗೆ ಬಟ್ಟೆ ಬಿಗಿಯುತ್ತೇನೆ, ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯದ ಹಾಗೆ ಗೋಡೆಯಿಂದ ದೂರ ಇಡುತ್ತೇನೆ. ಆ ನಾಲ್ಕು ತಿಂಗಳು ಕೈಯಲ್ಲಿ ಕಾಸು ಕಮ್ಮಿ, ಅದು ನಿಜ. ಅವಸರ ಇದ್ದವರಿಗೆ ಬೇರೆಯವರ ಹತ್ತಿರ ಹೋಗಿ ಅಂತ ನಾನೇ ಹೇಳುತ್ತೇನೆ.

ಅಜ್ಜಿಯ ಚಿತ್ರವನ್ನು ಮೇ ತಿಂಗಳಲ್ಲಿ ಕೊಟ್ಟೆ. ಬಣ್ಣ ಪೂರ್ತಿ ಗಟ್ಟಿಯಾಗಲಿ ಅಂತ ವಾರ್ನಿಶ್ ಹಾಕಲಿಲ್ಲ. ಮುಂದಿನ ಫೆಬ್ರವರಿಯಲ್ಲಿ, ಒಣಹವೆಯ ದಿನ ನೋಡಿ, ಡಮ್ಮಾರ್ ಅನ್ನುವ ಮರದ ರಾಳದ ವಾರ್ನಿಶ್ ತಗೊಂಡು ಹೋದೆ. ತೇವದಲ್ಲಿ ಹಾಕಿದರೆ ಬಿಳಿ ಮಂಜು ಕಟ್ಟಿಬಿಡುತ್ತದೆ. ಅಂಗಳದಲ್ಲಿ ಅಡಿಕೆ ಹರಡಿತ್ತು, ಮನೆಯವರೆಲ್ಲ ಜಗಲಿಗೆ ಬಂದು ಕೂತರು. ಮಂಕಾಗಿದ್ದ ಕಪ್ಪಿನ ಮೇಲೆ ಬ್ರಷ್ ಎಳೆದ ಹಾಗೆ ಸೆರಗಿನ ಕಡು ಹಸಿರು ಎದ್ದು ಬಂತು. ಅಮ್ಮ ಹತ್ತಿರ ಬಂದು ನೋಡಿ, "ಹೌದು, ಹಸಿರೇ. ಆ ಸೀರೆ ಇನ್ನೂ ಪೆಟ್ಟಿಗೆಯಲ್ಲಿ ಉಂಟು" ಅಂದರು. ಒಳಗೆ ಹೋಗಿ ತಂದು ತೋರಿಸಿದರು.