ಉಪ್ಪಿನಲ್ಲಿ ಹೂತ ಸೇಬು

ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ಪುಡಿಯಲ್ಲಿ ಹೂತಿಟ್ಟಿದ್ದ ಸೇಬಿನ ಹೋಳನ್ನು ಮಗಳು ಇಂದು ಹೊರತೆಗೆದಳು.

ಸಿಪ್ಪೆಯ ಅಂಚು ಒಳಕ್ಕೆ ಮುದುಡಿ, ತಿರುಳು ತೊಗಲಿನಂತೆ ಬಿರುಸಾಗಿತ್ತು. ಸುತ್ತಲಿನ ಪುಡಿ ಮಾತ್ರ ನೀರು ಹೀರಿ ಹೆಂಟೆಗಟ್ಟಿತ್ತು. ಹೊರಗೆ ತಟ್ಟೆಯಲ್ಲಿಟ್ಟಿದ್ದ ಇನ್ನೊಂದು ಹೋಳಿಗೆ ಬೂಷ್ಟು ಹಿಡಿದಿತ್ತು.

ಪ್ರಾಚೀನ ಈಜಿಪ್ಟಿನವರು ಶವಗಳನ್ನು ಕೆಡದಂತೆ ಮಮ್ಮಿಯಾಗಿಸಲು ವಾದಿ ನತ್ರೂನ್ ಕಣಿವೆಯ ಸರೋವರಗಳ ದಂಡೆಯಿಂದ ತರುತ್ತಿದ್ದ ನೇಟ್ರಾನ್ ಎಂಬ ಖನಿಜ ಲವಣದಲ್ಲಿಯೂ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ (ಅಂದರೆ ಅಡುಗೆ ಸೋಡಾ) ಮತ್ತು ಉಪ್ಪು ಇರುತ್ತಿದ್ದವು. ಅದು ಶವದ ನೀರನ್ನು ಸೆಳೆದುಕೊಂಡು, ಕೊಳೆಸುವ ಸೂಕ್ಷ್ಮಜೀವಿಗಳಿಗೆ ತೇವವೇ ಸಿಗದಂತೆ ಮಾಡುತ್ತಿತ್ತು. ಸುಮಾರು 40 ದಿನ ಒಣಗಿಸಿ, ಎಣ್ಣೆ ಮತ್ತು ರಾಳ ಸವರಿ, ಲಿನನ್ ಬಟ್ಟೆ ಸುತ್ತಿ ಮುಗಿಸುವುದಕ್ಕೆ ಒಟ್ಟು 70 ದಿನ ಹಿಡಿಯುತ್ತಿತ್ತು. ಎಂಥ ಶ್ರದ್ಧೆ!

ಪರಲೋಕದಲ್ಲಿ ಹೃದಯವನ್ನು ಸತ್ಯದೇವತೆಯ ಗರಿಯೊಡನೆ ತೂಗುತ್ತಾರೆಂಬ ನಂಬಿಕೆಯಿಂದ ಅದನ್ನು ಸಾಮಾನ್ಯವಾಗಿ ದೇಹದೊಳಗೇ ಉಳಿಸುತ್ತಿದ್ದರು. ಇದನ್ನು ಕೇಳಿದ ಮಗಳು, ಮುಂದಿನ ಸೇಬಿನ ಬೀಜ ತೆಗೆಯುವುದು ಬೇಡ ಎಂದದ್ದು ನನಗೆ ಬಹಳ ಹಿಡಿಸಿತು.