ಮೂರನೇದು ಬೇಡ

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆ. ಇಂಗ್ಲೆಂಡಿನ ಲೀಡ್ಸ್ ಊರಿನ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ನಾವೇ ಸ್ಕ್ಯಾನ್ ಮಾಡಿಕೊಳ್ಳುವ ನಾಲ್ಕು ಮಷೀನುಗಳಲ್ಲಿ ಮೂರು ಕೆಟ್ಟಿದ್ದವು. ಎಲ್ಲರೂ ಒಂದೇ ಕೌಂಟರಿನ ಮುಂದೆ ಸಾಲು. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬರು. ಒಂದು ಕೈಯಲ್ಲಿ ಮೊಟ್ಟೆ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಕಿತ್ತಳೆ ಜ್ಯೂಸಿನ ಬಾಟಲಿ.

ಕೌಂಟರಿನಲ್ಲಿದ್ದ ಹೆಂಗಸು ಎರಡನ್ನೂ ಸ್ಕ್ಯಾನ್ ಮಾಡಿ, "4.65 ಪೌಂಡ್ ಆಗತ್ತೆ, ಲವ್. ಒಂದು ಕ್ರಿಸ್ಪ್ಸ್ ತಗೊಂಡು ಬನ್ನಿ, ಮೀಲ್ ಡೀಲ್ ಆಗತ್ತೆ. ಮೂರೂ ಸೇರಿ 4 ಪೌಂಡಿಗೆ ಮುಗಿಯತ್ತೆ" ಅಂದರು. (ಕ್ರಿಸ್ಪ್ಸ್ ಅಂದರೆ ನಮ್ಮ ಆಲೂಗಡ್ಡೆ ಚಿಪ್ಸ್. ಲೀಡ್ಸ್ ಇರುವ ಈ ಯಾರ್ಕ್‌ಷೈರಿನಲ್ಲಿ ಎಲ್ಲರೂ ಎಲ್ಲರಿಗೂ ಲವ್. ನಾವು ಗುರುತಿಲ್ಲದವರನ್ನೂ ಅಣ್ಣ, ಅಕ್ಕ ಅಂದ ಹಾಗೆ. ಮೊದಲ ವಾರ ನಾನು ನಾಚಿಕೊಂಡಿದ್ದೆ.)

"ನನಗೆ ಮೂರನೇದು ಬೇಡ."

"ಬೇಡ ಅಂದ್ರೂ ತಗೊಳ್ಳಿ. 65 ಪೆನ್ಸ್ ಕಮ್ಮಿ ಆಗತ್ತಲ್ಲ. ಬೇಡದಿದ್ರೆ ಇಲ್ಲೇ ಬಿಟ್ಟು ಹೋಗಿ."

ಆತ ಒಂದು ಕ್ಷಣ ಯೋಚಿಸಿದರು. ಸಿಟ್ಟೇನೂ ಇರಲಿಲ್ಲ. "ಬಿಟ್ಟು ಹೋಗೋದಕ್ಕೆ ಯಾಕೆ ತರಬೇಕು?" ಅಂದರು. 4.65 ಕೊಟ್ಟು, ಚಿಲ್ಲರೆ ಎಣಿಸಿ ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟರು.

ಆಗ ನನಗೆ ಬಂದದ್ದು ಬರೀ ಸಿಡಿಮಿಡಿ. ಹಿಂದೆ ಎಂಟು ಜನ ಕಾಯುತ್ತಿದ್ದಾರೆ, ಈ ಮನುಷ್ಯ ಒಂದು ಪ್ಯಾಕೆಟ್ ಎತ್ತಿಕೊಂಡು ಬರಬಾರದಾ? ಹಟಮಾರಿ ಮುದುಕ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆತ ಅಂದ ಮಾತು ತಲೆಯೊಳಗೆ ಕೂತದ್ದು ಆಫೀಸಿಗೆ ಬಂದು, ಎಂದಿನಂತೆ ಕ್ರಿಸ್ಪ್ಸ್ ಪ್ಯಾಕೆಟ್ಟನ್ನು ಮೇಜಿನ ಕೆಳಗಿನ ಡ್ರಾಯರಿಗೆ ತುರುಕಲು ಹೋದಾಗ. ಡ್ರಾಯರು ಮುಚ್ಚಲಿಲ್ಲ. ಎಣಿಸಿದೆ, ಹನ್ನೊಂದು ಪ್ಯಾಕೆಟ್. ಎರಡರ ದಿನಾಂಕ ಮುಗಿದಿತ್ತು.

ನಾನು ಕ್ರಿಸ್ಪ್ಸ್ ತಿನ್ನುವವರ ಪೈಕಿ ಅಲ್ಲ. ಉಪ್ಪು ಜಾಸ್ತಿ, ಬಾಯಿ ಒಣಗುತ್ತದೆ. ಆದರೆ ದಿನಾ ತರುತ್ತೇನೆ, ಯಾಕಂದರೆ ತರದಿದ್ದರೆ ನಷ್ಟ. ಆತ ಬೇಡವಾದದ್ದನ್ನು ಅಂಗಡಿಯಲ್ಲೇ ಬಿಟ್ಟು, ಅದಕ್ಕೆ 65 ಪೆನ್ಸ್ ಕೊಟ್ಟರು. ನಾನು ಅದನ್ನು ಹೊತ್ತು ತಂದು ಡ್ರಾಯರಿನಲ್ಲಿ ಬಿಡುತ್ತೇನೆ.

ಮೀಲ್ ಡೀಲ್ ಲೆಕ್ಕ ಇಲ್ಲಿರುವವರಿಗೆಲ್ಲ ಬಾಯಿಪಾಠ. ಒಂದು ಮುಖ್ಯ ತಿಂಡಿ, ಒಂದು ಕುರುಕಲು, ಒಂದು ಪಾನೀಯ. ಬಿಡಿಬಿಡಿಯಾಗಿ ಕೊಂಡರೆ ಒಂದು ರೇಟು, ಮೂರೂ ಸೇರಿದರೆ ಅದಕ್ಕಿಂತ ತುಂಬಾ ಕಮ್ಮಿ. ವಿಚಿತ್ರ ಏನಂದರೆ, ಎಷ್ಟೋ ಸಲ ಎರಡಕ್ಕಿಂತ ಮೂರು ಅಗ್ಗ. ಅಂದರೆ ಮೂರನೇದನ್ನು ತಿನ್ನಲು ಅಂಗಡಿಯವನೇ ದುಡ್ಡು ಕೊಟ್ಟ ಹಾಗೆ. ಇದರಲ್ಲಿ ಅನುಮಾನ ಪಡುವಂಥದ್ದು ಇದೆ ಅಂತ ಇಷ್ಟು ವರ್ಷ ಹೊಳೆಯಲೇ ಇಲ್ಲ ನೋಡಿ.

ಇದರ ರೇಟು ಇಲ್ಲಿ ಪೆಟ್ರೋಲ್ ರೇಟಿನ ಹಾಗೆ. 2022ರ ಅಕ್ಟೋಬರಿನಲ್ಲಿ ಟೆಸ್ಕೋ ಸೂಪರ್‌ಮಾರ್ಕೆಟ್ ತನ್ನ ಕ್ಲಬ್‌ಕಾರ್ಡ್ ಅನ್ನುವ ಗಿರಾಕಿ ಕಾರ್ಡ್ ಇದ್ದವರ ಡೀಲನ್ನು 3 ಪೌಂಡಿನಿಂದ 3.40ಕ್ಕೆ ಏರಿಸಿದಾಗ ಪೇಪರುಗಳಲ್ಲೆಲ್ಲ ಅದೇ ಸುದ್ದಿ. 2024ರಲ್ಲಿ 3.60, 2025ರಲ್ಲಿ 3.85. ಪ್ರತಿ ಸಲವೂ ಆಫೀಸಿನಲ್ಲಿ ಒಂದು ಸಣ್ಣ ಶೋಕಸಭೆ. ಕಾರ್ಡ್ ಇಲ್ಲದವರಿಗೆ ಇನ್ನೂ ಜಾಸ್ತಿ. ಕಾರ್ಡ್ ಇದ್ದವರು ಏನು ತಿನ್ನುತ್ತಾರೆ ಅಂತ ಅಂಗಡಿಗೆ ಗೊತ್ತಾಗುತ್ತದಲ್ಲ, ಅದರ ಬೆಲೆ ಅದು.

ನನ್ನ ಪಕ್ಕದ ಮೇಜಿನವನು ಈ ಆಟದಲ್ಲಿ ಪಂಡಿತ. ಪ್ರತಿ ಮಧ್ಯಾಹ್ನ ಕೂತ ತಕ್ಷಣ, "ಇವತ್ತು 3.10 ಉಳಿಸಿದೆ" ಅಂತ ಘೋಷಣೆ. ಏನು ತಿಂದೆ, ಹೇಗಿತ್ತು ಅಂತ ಒಂದು ದಿನವೂ ಹೇಳಿದವನಲ್ಲ. ಯಾರಾದರೂ ಡೀಲಿನಲ್ಲಿ ನೀರಿನ ಬಾಟಲಿ ತಂದರೆ ಅವರನ್ನು ಪಾಪ ಅನ್ನುವ ಹಾಗೆ ನೋಡುತ್ತಾನೆ. ಒಳ್ಳೆಯವನೇ, ಆದರೆ ಜಿಪುಣ. ಹುಟ್ಟುಹಬ್ಬದ ಕೇಕಿಗೆ ದುಡ್ಡು ಕೂಡಿಸುವಾಗ ಗೊತ್ತಾಗುತ್ತದೆ.

ಅವನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ ಬಿಡಿ. ನಾನು ಸಸ್ಯಾಹಾರಿ. ಕೋಳಿ, ಸಿಗಡಿ ತುಂಬಿದ ಸ್ಯಾಂಡ್‌ವಿಚ್ಚಿಗೂ ನನ್ನ ಚೀಸ್ ಈರುಳ್ಳಿಗೂ ಡೀಲಿನಲ್ಲಿ ಒಂದೇ ರೇಟು. ಮೊದಲ ತಿಂಗಳೇ ಇದು ನನಗೆ ಅನ್ಯಾಯ ಅನ್ನಿಸಿತ್ತು. ಆ ಸೇಡನ್ನು ಸ್ಮೂದಿಯಲ್ಲಿ ತೀರಿಸಿಕೊಳ್ಳುತ್ತಿದ್ದೇನೆ. ಪಾನೀಯದ ಸಾಲಿನಲ್ಲಿ ಅತಿ ದುಬಾರಿ ಅಂದರೆ ಸ್ಮೂದಿಯೇ, ಬಿಡಿಯಾಗಿ ಕೊಂಡರೆ ಅದೊಂದಕ್ಕೇ ಹತ್ತಿರ ಹತ್ತಿರ 3 ಪೌಂಡ್. ಅದನ್ನೇ ಎತ್ತುತ್ತೇನೆ. ಗಟ್ಟಿ, ಸಿಹಿ, ಕುಡಿದ ಮೇಲೆ ಹೊಟ್ಟೆ ಭಾರ. ನನಗೆ ಸ್ಮೂದಿ ಇಷ್ಟವೇ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಈ ಮಂಗಳವಾರ.

ಇಷ್ಟವಿಲ್ಲ. ನನಗೆ ಬೇಕಾಗಿರುವುದು ಮಜ್ಜಿಗೆ.

ಬುಧವಾರ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಮ್ಮನಿಗೆ ಡೀಲಿನ ಭಾಗ ಬೇಕಾಗಿರಲಿಲ್ಲ. "ಮಧ್ಯಾಹ್ನಕ್ಕೆ ದಿನಾ ತಣ್ಣನೆ ಬ್ರೆಡ್ಡಾ?" ಅಂತ ಅಲ್ಲೇ ನಿಂತುಬಿಟ್ಟರು. ಆಮೇಲೆ, "ನಮ್ಮಲ್ಲೂ ಹೋಟೆಲಿನ ಊಟಕ್ಕೆ ಹಪ್ಪಳ ಸೇರೇ ಇರತ್ತಲ್ಲ, ಬೇಡ ಅಂದ್ರೆ ದುಡ್ಡೇನು ಕಮ್ಮಿ ಮಾಡ್ತಾರಾ?" ಅಂದರು. ಕಮ್ಮಿ ಮಾಡುವುದಿಲ್ಲ, ನಿಜ. ಆದರೆ ಹಪ್ಪಳ ಬೇಡ ಅಂದರೆ ದುಡ್ಡು ಜಾಸ್ತಿಯೂ ಮಾಡುವುದಿಲ್ಲ. ಅದೇ ವ್ಯತ್ಯಾಸ ಅಮ್ಮಾ ಅಂದೆ. ಅವರು ಆಗಲೇ ಚಪಾತಿ ಹಿಟ್ಟಿನ ವಿಷಯಕ್ಕೆ ಹೋಗಿದ್ದರು.

ತಣ್ಣನೆ ಬ್ರೆಡ್ಡಿನ ಬಗ್ಗೆ ಅಮ್ಮ ಅಂದದ್ದೂ ಸುಳ್ಳಲ್ಲ. ಈ ಪ್ಯಾಕ್ ಮಾಡಿದ ತ್ರಿಕೋನ ಸ್ಯಾಂಡ್‌ವಿಚ್ ಬಹಳ ಹಳೆಯದೇನೂ ಅಲ್ಲ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅನ್ನುವ ಇಲ್ಲಿನ ಅಂಗಡಿ ಕಂಪನಿ ಅದನ್ನು ಮಾರಲು ಶುರು ಮಾಡಿದ್ದು 1980ರಲ್ಲಿ. ಅಲ್ಲಿಂದ ಮುಂದೆ ಕೂತು ಉಣ್ಣುವ ಮಧ್ಯಾಹ್ನ ಕರಗುತ್ತಾ ಹೋಯಿತು. ಈಗ ನಮ್ಮ ಆಫೀಸಿನಲ್ಲಿ ಊಟದ ಕೋಣೆ ಅಂತ ಒಂದಿದೆ, ಅದರಲ್ಲಿ ಪ್ರಿಂಟರ್ ಇಟ್ಟಿದ್ದಾರೆ. ಎಲ್ಲರೂ ಕಂಪ್ಯೂಟರ್ ಮುಂದೆಯೇ, ಎಡಗೈಯಲ್ಲಿ ಸ್ಯಾಂಡ್‌ವಿಚ್, ಬಲಗೈಯಲ್ಲಿ ಮೌಸ್. ಹಾಗೆ ತಿನ್ನುವವರಿಗೆ ರುಚಿ ನೆನಪಿರುವುದಿಲ್ಲ, ಉಳಿತಾಯ ನೆನಪಿರುತ್ತದೆ. ಪಕ್ಕದವನ ತಪ್ಪೇನೂ ಇಲ್ಲ ಅನ್ನಿಸಿತು.

ಇನ್ನೊಂದು ತಮಾಷೆ. ಈ ದೇಶದ ತೆರಿಗೆಯವರಿಗೂ ಆ ಮುದುಕರಿಗೂ ಒಂದು ವಿಷಯದಲ್ಲಿ ಒಮ್ಮತವಿದೆ. ತಣ್ಣನೆಯ ಸ್ಯಾಂಡ್‌ವಿಚ್ಚನ್ನು ಕಟ್ಟಿಸಿಕೊಂಡು ಹೋದರೆ ವ್ಯಾಟ್ ಸೊನ್ನೆ. ಕ್ರಿಸ್ಪ್ಸಿಗೆ ಶೇ 20. ಅಂದರೆ ಅದು ಅಗತ್ಯದ ಊಟ ಅಲ್ಲ ಅಂತ ಲೆಕ್ಕ. 2025ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಇಂಥ ಕುರುಕಲು ತಿಂಡಿಗಳನ್ನು ಒಂದು ಕೊಂಡರೆ ಒಂದು ಫ್ರೀ ಅಂತ ದೊಡ್ಡ ಅಂಗಡಿಗಳು ಮಾರುವ ಹಾಗೂ ಇಲ್ಲ. ಆದರೆ ಮೀಲ್ ಡೀಲಿಗೆ ಆ ನಿಯಮ ತಾಕುವುದಿಲ್ಲ. ಸ್ಯಾಂಡ್‌ವಿಚ್ಚಿನ ಪಕ್ಕ ಕೂತ ತಕ್ಷಣ ಕ್ರಿಸ್ಪ್ಸ್ ಊಟವಾಗಿಬಿಡುತ್ತದೆ.

ಇಷ್ಟು ದಿನವೂ ಆ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿಸಿಕೊಂಡೆ. ಬಿಟ್ಟು ಹೋಗೋದಕ್ಕೆ ಯಾಕೆ ತರಬೇಕು? ಮೊದಲು ಹಟದಂತೆ ಕೇಳಿಸಿತು. ಆಮೇಲೆ ಬುದ್ಧಿವಾದದಂತೆ. ಗುರುವಾರದ ಹೊತ್ತಿಗೆ ಎರಡೂ ಅಲ್ಲ ಅನ್ನಿಸಿತು. ಆತ ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ಹಸಿವೆಷ್ಟು ಅಂತ ಮನೆಯಲ್ಲೇ ನೋಡಿಕೊಂಡು ಬಂದಿದ್ದರು, ಅಷ್ಟೇ. ನಾನು ಕಪಾಟಿನ ಮುಂದೆ ನಿಂತು ಡೀಲಿನ ಹಳದಿ ಬೋರ್ಡು ಓದಿದ ಮೇಲೆ ನನ್ನ ಹಸಿವು ಎಷ್ಟು ಅಂತ ತಿಳಿದುಕೊಳ್ಳುತ್ತೇನೆ. 65 ಪೆನ್ಸ್ ಅವರಿಗೆ ಲೆಕ್ಕಕ್ಕೇ ಇಲ್ಲ ಅಂತಲೂ ಅಲ್ಲ. ಚಿಲ್ಲರೆ ಎಣಿಸಿದ ರೀತಿ ನೋಡಿದ್ದೆನಲ್ಲ.

ಶುಕ್ರವಾರ ಮತ್ತೆ ಅಲ್ಲಿಗೇ ಹೋದೆ. ಬರೀ ಸ್ಯಾಂಡ್‌ವಿಚ್ ಕೊಳ್ಳಬೇಕು, ನೀರು ಆಫೀಸಿನ ನಲ್ಲಿಯದು, ಹೀಗೆ ದಾರಿಯಲ್ಲೇ ಗಟ್ಟಿಮನಸ್ಸು ಮಾಡಿಕೊಂಡಿದ್ದೆ. ಮಷೀನುಗಳು ಸರಿಯಾಗಿದ್ದವು, ಆದರೂ ಕೌಂಟರಿನ ಸಾಲಿಗೇ ನಿಂತೆ. ಆತ ಇದ್ದರು! ಅದೇ ಮೊಟ್ಟೆ ಸ್ಯಾಂಡ್‌ವಿಚ್, ಅದೇ ಕಿತ್ತಳೆ ಜ್ಯೂಸ್. ಕೌಂಟರಿನ ಹೆಂಗಸು ಈ ಸಲ ಕ್ರಿಸ್ಪ್ಸ್ ಮಾತೆತ್ತಲಿಲ್ಲ. 4.65 ಅಂದರು, ಆತ ಕೊಟ್ಟರು, ಹವಾಮಾನದ ಬಗ್ಗೆ ಏನೋ ಅಂದು ಇಬ್ಬರೂ ನಕ್ಕರು.

ಆಮೇಲೆ ನನ್ನ ಸರದಿ. ನನ್ನ ಕೈಯಲ್ಲಿ ಚೀಸ್ ಈರುಳ್ಳಿ ಒಂದನ್ನೇ ನೋಡಿ ಆಕೆಯ ಮುಖದಲ್ಲಿ ಕನಿಕರ.

"ನಿಮ್ಮ ಮಾವಿನ ಸ್ಮೂದಿ ಖಾಲಿ ಆಗಿದೆ ಅಂತ ಬೇಜಾರಾ, ಲವ್? ಸ್ಟ್ರಾಬೆರಿದು ಇದೆ ನೋಡಿ. ರೇಟು ಅಷ್ಟೇ."